ಎಮಿಲ್ ತಲೆ ಸೂಪಿನ ಪಾತ್ರೆಯಲ್ಲಿ: ಆಸ್ಟ್ರಿಡ್ ಲಿಂಡ್‌ಗ್ರೆನ್ ಪುಸ್ತಕಗಳನ್ನು ಮಕ್ಕಳಿಗೆ ಎಲ್ಲಿಂದ ಶುರು ಮಾಡೋದು?

ಪುಟ್ಟಿಯಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಏಳು ವರ್ಷ. ರಾತ್ರಿ ಮಲಗುವ ಮುಂಚೆ ಕಥೆ ಬೇಕೇ ಬೇಕು, ಅದೂ ನಗು ಬರುವ ಕಥೆ. ನಗೆಕಥೆ ಅಂತ ತಂದ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಕೊನೇ ಪುಟದಲ್ಲಿ ಕಿವಿ ಹಿಂಡುತ್ತವೆ. ತುಂಟ ಮೊಲಕ್ಕೆ ಪೆಟ್ಟಾಯ್ತು, ಸುಳ್ಳು ಹೇಳಿದ ಕೋತಿಗೆ ಬುದ್ಧಿ ಬಂತು, ಇಂಥವು. ಅಲ್ಲಿಗೆ ಬರುವಷ್ಟರಲ್ಲಿ ಅವಳೇ "ಸಾಕಮ್ಮ, ಮುಂದೆ ಗೊತ್ತು" ಅಂತ ಮಗ್ಗುಲಾಗುತ್ತಾಳೆ.

ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಪುಸ್ತಕ ಓದಿ ಅಂತ ಒಬ್ಬರು ಹೇಳಿದರು. ಪಿಪ್ಪಿ ಪುಸ್ತಕವನ್ನು ಇಂಗ್ಲಿಷಿನಲ್ಲಿ ತಿರುವಿ ನೋಡಿದೆ. ಒಂಬತ್ತು ವರ್ಷದ ಹುಡುಗಿ, ಕುದುರೆ, ಕೋತಿ ಇಟ್ಟುಕೊಂಡು ಒಬ್ಬಳೇ ಒಂದು ಮನೆಯಲ್ಲಿ ಇದ್ದಾಳೆ. ಅಪ್ಪ ಅಮ್ಮ ಇಲ್ಲ, ಸ್ಕೂಲಿಲ್ಲ. ಬಾಯಿ ಬಿಟ್ಟರೆ ಸುಳ್ಳು. ಹಿಡಿಯಲು ಬಂದ ಪೊಲೀಸರನ್ನೇ ಎತ್ತಿ ಆಚೆ ಹಾಕುತ್ತಾಳೆ. ನನಗೆ ನಗು ಬಂತು, ಜತೆಗೆ ಸ್ವಲ್ಪ ದಿಗಿಲೂ ಆಯ್ತು. ಇಲ್ಲಿಂದಲೇ ಶುರು ಮಾಡಬಹುದಾ? ಓದಿದವರು ಹೇಳಿ.

ಹಳೆಹಾಳೆ

ಪಿಪ್ಪಿಯನ್ನು ಆಮೇಲೆ ನೋಡಿಕೊಳ್ಳಿ ಅಕ್ಕ. ಮೊದಲು ಎಮಿಲ್.

ಎಮಿಲ್ ಐದು ವರ್ಷದ ಹುಡುಗ. ದಕ್ಷಿಣ ಸ್ವೀಡನ್ನಿನ ಸ್ಮೋಲಂಡ್ ಸೀಮೆಯ ಲೋನ್ನೆಬೆರ್ಗಾ ಅನ್ನೋ ಕಡೆ, ಕಾಟ್‌ಹುಲ್ಟ್ ಎಂಬ ಹೊಲಮನೆ. ಅಪ್ಪ ಆಂಟನ್, ಅಮ್ಮ ಆಲ್ಮಾ, ತಂಗಿ ಈಡಾ, ಆಳು ಆಲ್ಫ್ರೆಡ್, ಕೆಲಸದ ಹುಡುಗಿ ಲೀನಾ. ಇಷ್ಟೇ ಜನ. ಲಿಂಡ್‌ಗ್ರೆನ್ ಹುಟ್ಟಿದ್ದೂ ಅದೇ ಸೀಮೆಯಲ್ಲಿ, 1907ರಲ್ಲಿ, ವಿಮ್ಮರ್‌ಬಿ ಊರಿನ ಪಕ್ಕದ ನೇಸ್ ಎಂಬ ಹೊಲಮನೆಯಲ್ಲಿ. ಎಮಿಲ್‌ನ ಎಷ್ಟೋ ಕಿತಾಪತಿಗಳಿಗೆ ಬೀಜ ಸಿಕ್ಕಿದ್ದು ಅವರಪ್ಪ ಹೇಳುತ್ತಿದ್ದ ಬಾಲ್ಯದ ಕಥೆಗಳಲ್ಲಿ. ಮೊದಲ ಪುಸ್ತಕ 1963ರದು, ಆಮೇಲಿನವು 1966 ಮತ್ತು 1970ರಲ್ಲಿ ಬಂದವು. ಹುಟ್ಟಿದ ಕಥೆಯೂ ಚೆನ್ನಾಗಿದೆ. ಚಿಕ್ಕ ಮೊಮ್ಮಗ ಒಂದೇ ಸಮನೆ ಕಿರುಚಿ ಅಳುತ್ತಿದ್ದನಂತೆ. ಅವನನ್ನು ಸುಮ್ಮನಾಗಿಸಲು ಈಯಮ್ಮ ಅವನಿಗಿಂತ ಜೋರಾಗಿ, ಲೋನ್ನೆಬೆರ್ಗಾದ ಎಮಿಲ್ ಒಂದು ಸಲ ಏನು ಮಾಡಿದ ಗೊತ್ತಾ ಅಂತ ಕೂಗಿದರಂತೆ. ಹೆಸರು ಬಾಯಿಗೆ ಬಂದದ್ದು, ಅಷ್ಟೇ. ಅಳು ನಿಂತಿತು, ಎಮಿಲ್ ಹುಟ್ಟಿದ.

ಸೂಪಿನ ಪಾತ್ರೆಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇವರ ತಮಾಷೆ ಹೇಗೆ ನಡೆಯುತ್ತೆ ಅನ್ನೋದು ಅದರಲ್ಲಿ ಪೂರ್ತಿ ಕಾಣುತ್ತೆ.

ಮಧ್ಯಾಹ್ನದ ಊಟಕ್ಕೆ ಮಾಂಸದ ಸೂಪು. ಎಲ್ಲರೂ ಕುಡಿದಾಯ್ತು. ತಳದಲ್ಲಿ ಒಂದು ಚೂರು ಉಳಿದಿದೆ. ಅದನ್ನು ನೆಕ್ಕಲು ಎಮಿಲ್ ಪಿಂಗಾಣಿ ಪಾತ್ರೆಯೊಳಗೆ ತಲೆ ಹಾಕುತ್ತಾನೆ. ತಲೆ ವಾಪಸ್ ಬರಲ್ಲ. ಎಳೆದರೂ ಬರಲ್ಲ. ಕಬ್ಬಿಣದ ಸಲಾಕೆಯಿಂದ ಪಾತ್ರೆ ಒಡೆಯೋಣ ಅಂತ ಮಾತು ಬರುತ್ತೆ. ಅಪ್ಪ ಸುತಾರಾಂ ಒಪ್ಪಲ್ಲ, ಅದಕ್ಕೆ ನಾಲ್ಕು ಕ್ರೋನಾ (ಅಲ್ಲಿನ ದುಡ್ಡು) ಕೊಟ್ಟಿದ್ದಾನೆ. ಮರಿಯಾನ್ನೆಲುಂಡ್‌ನ ಡಾಕ್ಟರ ಹತ್ತಿರ ಹೋದರೆ ಮೂರೇ ಕ್ರೋನಾ. ಅಂದರೆ ಒಂದು ಕ್ರೋನಾ ಲಾಭ! ಅಮ್ಮನಿಗೂ ಇದು ಸರಿ ಅನ್ನಿಸುತ್ತೆ. ಒಂದು ಕ್ರೋನಾ ದಿನಾ ಸಿಗುತ್ತಾ? ಮನೆಯಲ್ಲೇ ಉಳಿಯಬೇಕಾದ ಪುಟ್ಟ ಈಡಾಗೆ ಏನಾದರೂ ತರಬಹುದಲ್ಲ.

ಹೀಗೆ ಲೆಕ್ಕ ಹಾಕಿಕೊಂಡು, ತಲೆಗೆ ಪಾತ್ರೆ ಸಿಕ್ಕಿಸಿಕೊಂಡ ಮಗನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಡುತ್ತಾರೆ. ಡಾಕ್ಟರ ಮುಂದೆ ನಿಂತ ಎಮಿಲ್ ಒಳ್ಳೇ ಹುಡುಗನ ಹಾಗೆ ಬಾಗಿ ನಮಸ್ಕಾರ ಮಾಡುತ್ತಾನೆ. ಪಾತ್ರೆ ಮೇಜಿಗೆ ಬಡಿದು ಎರಡು ಹೋಳು. ನಾಲ್ಕು ಕ್ರೋನಾ ಹೋಯ್ತು ಅಂತ ಅಪ್ಪ ಒದ್ದಾಡಿದರೆ ಡಾಕ್ಟರು ಸಮಾಧಾನ ಹೇಳುತ್ತಾರೆ: ಪಾತ್ರೆಯಿಂದ ಹುಡುಗರನ್ನು ಬಿಡಿಸಲು ನಾನು ಐದು ತಗೊಳ್ತೀನಿ, ಇವನು ತಾನೇ ಬಿಡಿಸಿಕೊಂಡ, ಆದ್ದರಿಂದ ಒಂದು ಉಳೀತಲ್ಲ ಅಂತ.

ಗಮನಿಸಿ, ಎಮಿಲ್ ಮಾಡಿದ ಎರಡೂ ಕೆಲಸಗಳು ತಪ್ಪಲ್ಲ. ಊಟ ದಂಡ ಮಾಡಬಾರದು, ಹಿರಿಯರಿಗೆ ಬಾಗಬೇಕು. ಎರಡನ್ನೂ ಮಾಡಿದ. ಹುಚ್ಚು ಲೆಕ್ಕ ಹಾಕಿದವರು ದೊಡ್ಡವರು. ಮಗು ನಗೋದು ಅದಕ್ಕೇ.

ಕೊಂಕುಗಾರ

ಚೆನ್ನಾಗಿದೆ. ಆದರೆ ಇಡೀ ಪುಸ್ತಕ ಬರೀ ಪಾತ್ರೆ, ತಲೆ, ಅಪ್ಪನ ಕೂಗಾಟ ಅಂದರೆ ನಾಲ್ಕನೇ ಕಥೆಗೆ ಸಾಕಾಗಲ್ವಾ? ಸರ್ಕಸ್ ಬಫೂನ್ ಬಿದ್ದರೆ ಮೊದಲ ಸಲ ನಗು ಬರುತ್ತೆ. ಪ್ರತಿ ಸಲವೂ ಅವನೇ ಬಿದ್ದರೆ?

ಮೂರನೇ ಬೆಂಚು

ನಾನು ಪಿಪ್ಪಿ ಪಕ್ಷ. ಹಳೆಹಾಳೆ ಅವರು ಅವಳನ್ನು ಒಂದೇ ಸಾಲಿನಲ್ಲಿ ಆಚೆ ಇಟ್ಟುಬಿಟ್ಟರು, ಅದಕ್ಕೆ ಬರೆಯುತ್ತಿದ್ದೇನೆ.

ಪಿಪ್ಪಿ ಹುಟ್ಟಿದ್ದು ಕಾಯಿಲೆ ಮಂಚದ ಪಕ್ಕ. 1941ರಲ್ಲಿ ಲಿಂಡ್‌ಗ್ರೆನ್ ಮಗಳು ಕಾರಿನ್‌ಗೆ ನ್ಯುಮೋನಿಯಾ. ಕಥೆ ಹೇಳು ಅಂದಳು, ಹೆಸರನ್ನೂ ಆ ಮಗುವೇ ಕಟ್ಟಿಕೊಟ್ಟಿತು. ಅಂಥ ವಿಚಿತ್ರ ಹೆಸರಿಗೆ ಅಷ್ಟೇ ವಿಚಿತ್ರ ಹುಡುಗಿ ಬೇಕಾಯ್ತು. ಬರಹಕ್ಕೆ ಬಂದದ್ದು 1944ರಲ್ಲಿ. ಮಂಜಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಮನೆಯಲ್ಲಿ ಬಿದ್ದಿದ್ದಾಗ ಬರೆದು, ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಕೊಟ್ಟರು. ಬೊನ್ನಿಯರ್ ಅನ್ನೋ ದೊಡ್ಡ ಪ್ರಕಾಶಕರು ಬೇಡ ಅಂದರು. 1945ರಲ್ಲಿ ರಾಬೆನ್ ಅಂಡ್ ಷೋಗ್ರೆನ್ ಪ್ರಕಾಶನದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು, ಅದೇ ವರ್ಷ ಪುಸ್ತಕವೂ ಆಯ್ತು. ಮುಂದೆ ಅದೇ ಪ್ರಕಾಶನದಲ್ಲಿ ಲಿಂಡ್‌ಗ್ರೆನ್ 1970ರವರೆಗೂ ಮಕ್ಕಳ ಪುಸ್ತಕಗಳ ಸಂಪಾದಕಿ. ಬೆಳಗ್ಗೆ ಹಾಸಿಗೆಯಲ್ಲೇ ಕೂತು ಶಾರ್ಟ್‌ಹ್ಯಾಂಡಿನಲ್ಲಿ ಸ್ವಂತ ಬರಹ, ಮಧ್ಯಾಹ್ನ ಆಫೀಸು.

ಪುಟ್ಟಿಯಮ್ಮ ಅವರಿಗೆ ಆದ ದಿಗಿಲು ಸ್ವೀಡನ್ನಿನವರಿಗೂ ಆಗಿತ್ತು. 1946ರಲ್ಲಿ ಜಾನ್ ಲಾಂಡ್‌ಕ್ವಿಸ್ಟ್ ಎಂಬ ಪ್ರೊಫೆಸರು ಪತ್ರಿಕೆಯಲ್ಲಿ ಸರಿಯಾಗಿ ಜಾಡಿಸಿದರು. ಸರಿಯಾಗಿರುವ ಯಾವ ಮಗುವೂ ಕಾಫಿ ಪಾರ್ಟಿಯಲ್ಲಿ ಇಡೀ ಕೇಕ್ ಒಬ್ಬಳೇ ತಿನ್ನಲ್ಲ, ಸಕ್ಕರೆ ಚೆಲ್ಲಿ ಅದರ ಮೇಲೆ ಬರಿಗಾಲಲ್ಲಿ ನಡೆಯಲ್ಲ ಅನ್ನೋದು ಅವರ ವಾದ. ಪಾಪ, ನಿಜ ತಾನೇ? ಮಕ್ಕಳು ಹಾಗೆ ಮಾಡಲ್ಲ, ಮಾಡಬೇಕು ಅನ್ನಿಸುತ್ತೆ ಅಷ್ಟೆ. ಆ ಆಸೆಯನ್ನು ಪಿಪ್ಪಿ ಪುಟದ ಮೇಲೆ ತೀರಿಸಿಕೊಡುತ್ತಾಳೆ.

ಸ್ಕೂಲಿನ ಅಧ್ಯಾಯ ನೋಡಿ. ಪಿಪ್ಪಿ ಸ್ಕೂಲಿಗೆ ಬರೋದು ಕಲಿಯಲು ಅಲ್ಲ. ಪಕ್ಕದ ಮನೆಯ ಟಾಮಿ, ಅನಿಕಾಗೆ ಕ್ರಿಸ್ಮಸ್ ರಜೆ ಇದೆ, ತನಗೆ ಇಲ್ಲವಲ್ಲ, ಅನ್ಯಾಯ ಅಂತ. ರಜೆ ಬೇಕಾದರೆ ಸ್ಕೂಲಿರಬೇಕಲ್ಲ! ತರ್ಕದಲ್ಲಿ ಎಲ್ಲಿ ತೂತಿದೆ ಹೇಳಿ ನೋಡೋಣ. ಟೀಚರಮ್ಮ ಕೂಡಿಸುವ ಲೆಕ್ಕ ಕೇಳಿದರೆ, ನಿಮಗೇ ಗೊತ್ತಿಲ್ಲದ್ದನ್ನು ನಾನ್ಯಾಕೆ ಹೇಳಲಿ ಅನ್ನೋ ಧಾಟಿ. ಆ ಟೀಚರನ್ನು ಲಿಂಡ್‌ಗ್ರೆನ್ ರಾಕ್ಷಸಿ ಮಾಡಿಲ್ಲ, ಅದು ನನಗೆ ತುಂಬಾ ಇಷ್ಟ. ಅವರು ಒಳ್ಳೆಯವರೇ, ತಾಳ್ಮೆಯವರೇ. ಇಬ್ಬರೂ ಬೇರೆ ಬೇರೆ ಲೋಕದವರು. ಕೊನೆಗೆ ಪಿಪ್ಪಿಯೇ ಅವರಿಗೆ ಚಿನ್ನದ ಪುಟ್ಟ ಗಡಿಯಾರ ಕೊಟ್ಟು ಹೊರಡುತ್ತಾಳೆ.

ನಿವೃತ್ತ ಮೇಷ್ಟ್ರು

ಎಲ್ಲ ಓದಿದೆ. ನಗು ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ತಕರಾರು ಎಮಿಲ್‌ನ ಅಪ್ಪನ ವಿಷಯದಲ್ಲಿ. ಆ ಮನುಷ್ಯ ಹೊಲದಲ್ಲಿ ದುಡಿಯುತ್ತಾನೆ, ಒಂದೊಂದು ಕಾಸನ್ನೂ ನೋಡಿ ಖರ್ಚು ಮಾಡುತ್ತಾನೆ. ಅವನ ಕಾಲ್ಬೆರಳು ಇಲಿಬೋನಿಗೆ ಸಿಗುತ್ತೆ, ಮೈಮೇಲೆ ಹಿಟ್ಟು ಸುರಿಯುತ್ತೆ, ಕಕ್ಕಸಿನ ಕಿಟಕಿಯಲ್ಲಿ ಸಿಕ್ಕಿಕೊಂಡು ಕೂಗುತ್ತಾನೆ. ಓದುಗ ಮಾತ್ರ ಸದಾ ಹುಡುಗನ ಕಡೆ. ದುಡಿಯುವ ಅಪ್ಪನನ್ನು ನಗೆಪಾಟಲು ಮಾಡಿ ಮಕ್ಕಳ ಚಪ್ಪಾಳೆ ಗಿಟ್ಟಿಸೋದು ಸುಲಭ.

ಇನ್ನೊಂದು. ತಂಗಿಯನ್ನು ಬಾವುಟದ ಕಂಬಕ್ಕೆ ಏರಿಸುವ ಕಥೆಯನ್ನು ತರಗತಿಯಲ್ಲಿ ಓದಿದ ಮೇಲೆ ಹುಡುಗರ ಕಣ್ಣು ಕಿಟಕಿಯಾಚೆ ನಮ್ಮ ಧ್ವಜಸ್ತಂಭದ ಕಡೆಗೇ ಹೋಯಿತು. ಹಗ್ಗ ಬಿಚ್ಚಿಸಿ ಆಫೀಸಿನಲ್ಲಿ ಇಡಿಸಿದೆ.

ಇರುಳುಹಕ್ಕಿ

ಮೇಷ್ಟ್ರೇ, ಹಗ್ಗ ಬಿಚ್ಚಿಸಿದ್ದು ಒಳ್ಳೇದಾಯ್ತು 😄 ನನ್ನ ಇಬ್ಬರು ಹುಡುಗರೂ ಎಮಿಲ್ ಕೇಳಿದ ಮೇಲೆ ಹೊಸ ತುಂಟಾಟ ಏನೂ ಕಲಿತಿಲ್ಲ. ಹಳೆಯದೇ ಸಾಕಷ್ಟು ಸ್ಟಾಕ್ ಇತ್ತು.

ಹಳೆಹಾಳೆ

ಕೊಂಕುಗಾರ ಮತ್ತು ಮೇಷ್ಟ್ರು, ಇಬ್ಬರಿಗೂ ಸೇರಿಸಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಬಾವುಟದ ಕಂಬದ ಕಥೆಯನ್ನೇ ತಗೊಳ್ಳಿ. ಈಡಾಗೆ ಮರಿಯಾನ್ನೆಲುಂಡ್ ನೋಡಬೇಕು ಅಂತ ಆಸೆ. ಅಲ್ಲಿಗೆ ಹೋಗಲು ಆಗಲ್ಲ. ಎತ್ತರಕ್ಕೆ ಏರಿದರೆ ಕಾಣುತ್ತಲ್ಲ? ಎಮಿಲ್ ತಂಗಿಗೆ ಉಪಕಾರ ಮಾಡಿದ್ದು. ಮೇಲೆ ಹೋದ ಈಡಾ ಅಳಲಿಲ್ಲ, ಅವಳು ಖುಷಿಯಾಗಿಯೇ ಇದ್ದಳು. ಅತ್ತದ್ದು, ಚೀರಿದ್ದು ಕೆಳಗಿದ್ದವರು. ಇದು ಬಫೂನ್ ಬೀಳುವ ಹಾಸ್ಯ ಅಲ್ಲ. ಒಂದು ಮಗು ಸರಿಯಾಗಿ ಯೋಚನೆ ಮಾಡುತ್ತಾ ಮಾಡುತ್ತಾ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಾವು ಮುಂಚೆಯೇ ಕಂಡು, ಅಯ್ಯೋ ಬೇಡ ಕಣೋ ಅಂತ ಕಾಯುವ ಹಾಸ್ಯ. ಹಾಗಾಗಿ ಹತ್ತನೇ ಕಥೆಗೂ ಸಾಕಾಗಲ್ಲ.

ಬರೀ ನಗುವೂ ಇಲ್ಲ. ಎರಡನೇ ಪುಸ್ತಕದಲ್ಲಿ ಊರಿನ ಬಡವರ ಮನೆ ಬರುತ್ತೆ. ದಿಕ್ಕಿಲ್ಲದ ಮುದುಕರನ್ನು ಒಟ್ಟಿಗೆ ಇಡುತ್ತಿದ್ದ ಜಾಗ, ಆಲ್ಫ್ರೆಡ್‌ನ ಅಜ್ಜ ಅಲ್ಲಿದ್ದಾನೆ. ಕ್ರಿಸ್ಮಸ್ಸಿಗೆ ಎಮಿಲ್‌ನ ಅಮ್ಮ ಬುಟ್ಟಿ ತುಂಬ ಊಟ ಕಳಿಸಿದರೆ ಅಲ್ಲಿನ ಯಜಮಾನಿ ಹೆಂಗಸು ಅಷ್ಟನ್ನೂ ತಾನೇ ನುಂಗುತ್ತಾಳೆ. ಅಪ್ಪ ಅಮ್ಮ ಊರಲ್ಲಿಲ್ಲದ ದಿನ ಎಮಿಲ್ ಆ ಮುದುಕರನ್ನೆಲ್ಲ ಮನೆಗೆ ಕರೆತಂದು, ಮರುದಿನ ಬರುವ ನೆಂಟರಿಗೆ ಮಾಡಿಟ್ಟಿದ್ದ ಊಟವನ್ನೆಲ್ಲ ಬಡಿಸಿಬಿಡುತ್ತಾನೆ. ಪಾತ್ರೆಗಳೆಲ್ಲ ಖಾಲಿ. ಹುಡುಕಿಕೊಂಡು ಬಂದ ಯಜಮಾನಿ ತೋಳ ಹಿಡಿಯಲು ತೋಡಿದ ಗುಂಡಿಗೆ ಬೀಳುತ್ತಾಳೆ. ಇದನ್ನು ಕಿತಾಪತಿ ಅಂತ ಎಣಿಸಬೇಕಾ, ಪುಣ್ಯ ಅಂತ ಎಣಿಸಬೇಕಾ? ಲಿಂಡ್‌ಗ್ರೆನ್ ಹೇಳಲ್ಲ. ಮೂರನೇ ಪುಸ್ತಕದಲ್ಲಿ ಆಲ್ಫ್ರೆಡ್‌ಗೆ ಗಾಯ ನಂಜಾಗಿ ಸಾಯುವ ಹಾಗಾದಾಗ, ಹಿಮದ ಬಿರುಗಾಳಿಯಲ್ಲಿ ಅವನನ್ನು ಜಾರುಗಾಡಿಯಲ್ಲಿ ಮಲಗಿಸಿಕೊಂಡು ಡಾಕ್ಟರ ಹತ್ತಿರ ಹೊರಡೋದು ಇದೇ ಹುಡುಗ. ಅಷ್ಟೆಲ್ಲ ನಕ್ಕ ಮೇಲೆ ಬರುವ ಆ ಅಧ್ಯಾಯ ಓದುವಾಗ ನನ್ನ ಗಂಟಲು ಕಟ್ಟುತ್ತೆ.

ಮೇಷ್ಟ್ರೇ, ಅಪ್ಪನ ವಿಷಯ. ಅವನು ನಗೆಪಾಟಲಾಗೋದು ದುಡಿಯುವವನು ಅಂತ ಅಲ್ಲ, ಸಿಟ್ಟು ಮೂಗಿನ ತುದಿಯಲ್ಲಿ ಇಟ್ಟುಕೊಂಡವನು ಅಂತ. ಏನೇ ಆದರೂ ಎಮಿಲ್ ಅಂತ ಒಂದು ಕೂಗು. ಆಗ ಕೆಲವು ಸಲ ಅಮ್ಮ ಏನು ಮಾಡುತ್ತಾಳೆ? ಹುಡುಗನನ್ನು ಓಡಿಸಿಕೊಂಡು ಹೋಗಿ ಮರಗೆಲಸದ ಕೊಟ್ಟಿಗೆಯಲ್ಲಿ ಸೇರಿಸುತ್ತಾಳೆ. ಹೊರಗಿನಿಂದ ನೋಡಿದರೆ ಶಿಕ್ಷೆ. ನಿಜಕ್ಕೂ ಅದು ಅಪ್ಪನ ಕೈಯಿಂದ ಬಚಾವು. ಒಳಗೆ ಕೂತು ಎಮಿಲ್ ಒಂದೊಂದು ಸಲಕ್ಕೂ ಒಂದೊಂದು ಮರದ ಗೊಂಬೆ ಕೆತ್ತುತ್ತಾನೆ. ಊರವರು ಅವನನ್ನು ಅಮೆರಿಕಕ್ಕೆ ಕಳಿಸಿಬಿಡಿ ಅಂತ ದುಡ್ಡು ಒಟ್ಟು ಮಾಡಿ ತಂದರೆ, ನಮ್ಮ ಎಮಿಲ್ ಒಳ್ಳೇ ಹುಡುಗ, ಅವನು ಹೇಗಿದ್ದಾನೋ ಹಾಗೇ ನಮಗೆ ಇಷ್ಟ ಅನ್ನುತ್ತಾಳೆ ಆ ಅಮ್ಮ. ಹಾಗಂತ ಅವಳಿಗೇನೂ ಗೊತ್ತಿಲ್ಲ ಅಂತಲ್ಲ. ಮಗನ ಕಿತಾಪತಿಗಳನ್ನೆಲ್ಲ ನೀಲಿ ನೋಟ್‌ಬುಕ್ಕುಗಳಲ್ಲಿ ಬರೆದಿಡುವವಳೂ ಅವಳೇ. ಗೋಪಿಯರ ದೂರು ಕೇಳಿ ಕೇಳಿ ಸಾಕಾದ ಯಶೋದೆಯನ್ನು ಬಲ್ಲ ನಮಗೆ ಆಲ್ಮಾ ಹೊಸಬಳೇನಲ್ಲ.

ಇನ್ನೊಂದು ಗುಟ್ಟು, ಮಗುವಿಗೆ ಮೊದಲೇ ಹೇಳಿಬಿಟ್ಟರೂ ಪರವಾಗಿಲ್ಲ. ಈ ಎಮಿಲ್ ದೊಡ್ಡವನಾಗಿ ಊರಿನ ಪಂಚಾಯಿತಿ ಅಧ್ಯಕ್ಷ ಆದ ಅಂತ ಲೇಖಕಿ ಮಧ್ಯದಲ್ಲೇ ಹೇಳುತ್ತಾರೆ.

ನಿವೃತ್ತ ಮೇಷ್ಟ್ರು

ಕೊಟ್ಟಿಗೆಯ ಮಾತು ಒಪ್ಪಿದೆ. ಅಪ್ಪನ ಮಾತು ಒಪ್ಪಲಿಲ್ಲ. ಆ ಇಲಿಬೋನು ಅಷ್ಟೊಂದು ಬಿಗಿಯಾಗಿ ಬಡಿಯಬೇಕಿರಲಿಲ್ಲ.

ಮೂರನೇ ಬೆಂಚು

ಶಿಕ್ಷೆ, ಅಪ್ಪನ ಕೈಯಿಂದ ಬಚಾವು ಅಂದಾಗ ನೆನಪಾಯ್ತು. 1978ರಲ್ಲಿ ಜರ್ಮನಿಯ ಪುಸ್ತಕ ವ್ಯಾಪಾರಿಗಳ ಸಂಘ ಲಿಂಡ್‌ಗ್ರೆನ್ ಅವರಿಗೆ ಶಾಂತಿ ಪ್ರಶಸ್ತಿ ಕೊಟ್ಟಿತು. ಮಕ್ಕಳ ಮೇಲೆ ಕೈ ಮಾಡಬಾರದು ಅಂತ ಭಾಷಣ ಬರೆದುಕೊಂಡಿದ್ದರು. ಮೊದಲೇ ಓದಿದ ಆಯೋಜಕರು, ಭಾಷಣ ಬೇಡ, ಸುಮ್ನೆ ಪ್ರಶಸ್ತಿ ತಗೊಂಡು ಥ್ಯಾಂಕ್ಸ್ ಹೇಳಿಬಿಡಿ ಅಂದರಂತೆ. ಹಾಗಾದರೆ ನಾನು ಬರೋದೇ ಇಲ್ಲ ಅಂದರು. ಕೊನೆಗೆ ಪೂರ್ತಿ ಓದಿಯೇ ಓದಿದರು.

ಅದರಲ್ಲಿ ಒಂದು ಪ್ರಸಂಗ ಇದೆ. ಒಬ್ಬ ತಾಯಿ ತಪ್ಪು ಮಾಡಿದ ಚಿಕ್ಕ ಮಗನಿಗೆ, ಹೋಗಿ ಹೊಡೆಯಲು ಬೆತ್ತ ಹುಡುಕಿಕೊಂಡು ಬಾ ಅನ್ನುತ್ತಾಳೆ. ಮಗು ಎಷ್ಟೋ ಹೊತ್ತಾದ ಮೇಲೆ ಅಳುತ್ತಾ ಬಂದು, ಬೆತ್ತ ಸಿಗಲಿಲ್ಲ, ಈ ಕಲ್ಲು ಸಿಕ್ಕಿತು, ಇದನ್ನೇ ನನ್ನ ಮೇಲೆ ಎಸೆ ಅನ್ನುತ್ತೆ. ನೋಯಿಸಬೇಕು ಅಂತಿದ್ದರೆ ಕಲ್ಲಾದರೇನು ಅಂತ ಅದರ ಯೋಚನೆ. ಮತ್ತೆ ಅದೇ ನೋಡಿ, ಮಗುವಿನ ಸರಿಯಾದ ತರ್ಕ. ಎಮಿಲ್‌ನಲ್ಲಿ ನಗಿಸುವ ಅದೇ ದಾರಿ ಇಲ್ಲಿ ಎದೆಗೆ ಬಡಿಯುತ್ತೆ. ಆ ತಾಯಿ ಮಗುವನ್ನು ಅಪ್ಪಿಕೊಂಡು ಅತ್ತು, ಕಲ್ಲನ್ನು ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟುಕೊಂಡಳಂತೆ.

ಮರುವರ್ಷ, 1979ರಲ್ಲಿ, ಮನೆಯಲ್ಲೂ ಮಕ್ಕಳನ್ನು ಹೊಡೆಯುವಂತಿಲ್ಲ ಅಂತ ಸ್ವೀಡನ್ ಕಾನೂನು ಮಾಡಿತು. ಜಗತ್ತಿನಲ್ಲೇ ಮೊದಲ ದೇಶ. ಭಾಷಣದಿಂದಲೇ ಕಾನೂನು ಬಂತು ಅನ್ನೋದು ಸ್ವಲ್ಪ ಜಾಸ್ತಿ ಆಯ್ತು, ಅಲ್ಲಿ ಆ ಚರ್ಚೆ ಮುಂಚೆಯಿಂದ ಇತ್ತು.

ಕೊಂಕುಗಾರ

ಆಯ್ತು, ಎಮಿಲ್ ಓದುತ್ತೇನೆ. ಪಿಪ್ಪಿಯ ಬಗ್ಗೆ ಯಾರೂ ಹೇಳದ ಒಂದು ಮಾತು. ಅವಳ ಅಪ್ಪ ಹಡಗಿನ ಕ್ಯಾಪ್ಟನ್, ಸಮುದ್ರದಲ್ಲಿ ಕೊಚ್ಚಿಹೋಗಿ ದೂರದ ದ್ವೀಪದ ಕಪ್ಪು ಜನಕ್ಕೆ ರಾಜ ಆದ ಅಂತ ಇದೆ. ಬಿಳಿಯ ಬಂದ ತಕ್ಷಣ ಸಿಂಹಾಸನ ಕೊಟ್ಟುಬಿಡುವ ಜನ! ಇದಕ್ಕೆ ನಗಬೇಕಾ?

ಮೂರನೇ ಬೆಂಚು

ನಗಬೇಕಿಲ್ಲ. 1940ರ ದಶಕದ ಯುರೋಪಿನ ಕಣ್ಣು ಅದು, ಪಿಪ್ಪಿ ಪಕ್ಷದವಳಾದ ನಾನೂ ಅದನ್ನು ಸಮರ್ಥಿಸಲ್ಲ. ಸ್ವೀಡನ್ನಿನಲ್ಲೇ 2015ರ ಆವೃತ್ತಿಯಲ್ಲಿ ನೋಯಿಸುವ ಪದಗಳನ್ನು ತೆಗೆದರು, ದೊಡ್ಡ ಗಲಾಟೆಯೂ ಆಯ್ತು. ಆದರೆ ನೀವು ಹೇಳುವ ತೊಂದರೆ ಕಥೆಯೊಳಗೇ ಇದೆ, ಪದ ಬದಲಿಸಿದರೆ ಹೋಗಲ್ಲ. ನಾನು ಮೊದಲ ಪುಸ್ತಕ ಓದಿ ಹೇಳುತ್ತೇನೆ. ದ್ವೀಪಕ್ಕೆ ಹೋಗುವ ಮೂರನೆಯದನ್ನು ಮಗು ಸ್ವಲ್ಪ ದೊಡ್ಡದಾದ ಮೇಲೆ, ಪಕ್ಕದಲ್ಲಿ ಕೂತು, ಯಾಕೆ ಹೀಗೆ ಬರೆದಿದ್ದಾರೆ ಅಂತ ಮಾತಾಡುತ್ತಾ ಓದೋದು ವಾಸಿ.

ಇರುಳುಹಕ್ಕಿ

ವಿಷಯಕ್ಕೆ ಸ್ವಲ್ಪ ಹೊರಗಿನದು, ಆದರೂ ಹೇಳಲೇಬೇಕು. 1976ರಲ್ಲಿ ಲಿಂಡ್‌ಗ್ರೆನ್ ಅವರ ತೆರಿಗೆ ದರ 102 ಪರ್ಸೆಂಟ್ ಆಗಿಹೋಯ್ತು. ಅಂದರೆ ಮೇಲೆ ಗಳಿಸಿದ ನೂರು ಕ್ರೋನಾಗೆ ನೂರಾ ಎರಡು ಕಟ್ಟಬೇಕು. ಈಯಮ್ಮ ಅರ್ಜಿ ಬರೆಯಲಿಲ್ಲ, ಮೊಕದ್ದಮೆ ಹಾಕಲಿಲ್ಲ. ಪೊಂಪೆರಿಪೊಸ್ಸಾ ಅನ್ನೋ ಲೇಖಕಿಯ ಬಗ್ಗೆ ಒಂದು ಕಟ್ಟುಕಥೆ ಬರೆದು ಎಕ್ಸ್‌ಪ್ರೆಸ್ಸೆನ್ ಪತ್ರಿಕೆಯಲ್ಲಿ ಹಾಕಿಸಿದರು. ದೇಶವೆಲ್ಲ ನಕ್ಕಿತು. ಹಣಕಾಸು ಮಂತ್ರಿ, ಈಯಮ್ಮನಿಗೆ ಕಥೆ ಬರುತ್ತೆ, ಲೆಕ್ಕ ಬರಲ್ಲ ಅನ್ನೋ ಅರ್ಥದ ಮಾತಾಡಿ ಇನ್ನೂ ಸಿಕ್ಕಿಬಿದ್ದ, ಯಾಕಂದರೆ ಲೆಕ್ಕ ಸರಿಯಾಗಿತ್ತು. ಅದೇ ವರ್ಷದ ಚುನಾವಣೆಯಲ್ಲಿ 40 ವರ್ಷಕ್ಕೂ ಮೇಲೆ ಆಳಿದ ಪಕ್ಷ ಸೋತಿತು. ಸೂಪಿನ ಪಾತ್ರೆಯ ಲೆಕ್ಕ ಬರೆದವರ ಹತ್ತಿರ ಲೆಕ್ಕಕ್ಕೆ ಹೋಗಬಾರದಿತ್ತು ಬಿಡಿ.

ಪುಟ್ಟಿಯಮ್ಮ

ಎಷ್ಟೊಂದು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ಎಮಿಲ್ ತಂದು ಸೂಪಿನ ಕಥೆ ಓದಿಯಾಯ್ತು. ಇಂಗ್ಲಿಷ್ ಪುಸ್ತಕ ಕೈಯಲ್ಲಿ ಹಿಡಿದು ಬಾಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದೆ. ತಲೆ ಸಿಕ್ಕಿಕೊಂಡಾಗ ನಗುತ್ತಾಳೆ ಅಂದುಕೊಂಡಿದ್ದೆ, ಅಲ್ಲಿ ಬರೀ ಬಾಯಿ ಬಿಟ್ಟುಕೊಂಡು ಕೇಳಿದಳು. ಅವಳು ಬಿದ್ದು ಬಿದ್ದು ನಕ್ಕಿದ್ದು ಮುಂದೆ. ಎಮಿಲ್ ಐದು ಓರೆ ನಾಣ್ಯ ನುಂಗುತ್ತಾನಲ್ಲ, ಪುಡಿಕಾಸು. ಅದನ್ನು ತೆಗೆಸಲು ಡಾಕ್ಟರಿಗೆ ಐದು ಕ್ರೋನಾ ಯಾಕೆ ಕೊಡಬೇಕು ಅಂತ ಲೆಕ್ಕ ಬಂದು, ಕೊನೆಗೆ ಬನ್ನು ತಿನ್ನಿಸುವ ಜಾಗ. ನಾಣ್ಯ ಆಮೇಲೆ ಹೇಗೆ ಆಚೆ ಬರುತ್ತೆ ಅಂತ ಅವಳಿಗೆ ಹೊಳೆದ ಕ್ಷಣ ನೋಡಬೇಕಿತ್ತು ನೀವು. ಮಾವನವರು ಆಚೆ ರೂಮಿಂದ ಏನಾಯ್ತಮ್ಮ ಅಂತ ಬಂದರು. ಅವರಿಗೂ ಮೊದಲಿಂದ ಹೇಳಬೇಕಾಯ್ತು.

ಇದು ಮುಗಿದ ಮೇಲೆ ಪಿಪ್ಪಿಯ ಮೊದಲ ಪುಸ್ತಕ. ಕಾರ್ಲ್‌ಸನ್ ಅಂತ ಇನ್ನೊಂದಿದೆಯಲ್ಲ, ಅದು ಹೇಗೆ?

ಹಳೆಹಾಳೆ

ಕಾರ್ಲ್‌ಸನ್ 1955ರದು. ಸ್ಟಾಕ್‌ಹೋಮ್‌ನ ಮಾಳಿಗೆ ಮೇಲೆ ಇರುವ ಕುಳ್ಳ ಗುಂಡ ಮನುಷ್ಯ. ಬೆನ್ನಿಗೆ ಪ್ರೊಪೆಲರ್, ಹೊಟ್ಟೆ ಮೇಲೆ ಗುಂಡಿ, ಒತ್ತಿದರೆ ಹಾರುತ್ತಾನೆ. ಕೆಳಗಿನ ಮನೆಯ ಏಳು ವರ್ಷದ ಹುಡುಗನ ಗೆಳೆಯ. ಜಂಬ, ಹೊಟ್ಟೆಬಾಕತನ, ಮಾಡಿದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟೋದು, ಎಲ್ಲಾ ಇದೆ. ಹುಡುಗನ ಆಟದ ಸ್ಟೀಮ್ ಎಂಜಿನ್ ಹಾಳು ಮಾಡಿ, ಅದೇನು ಮಹಾ ಅಂತ ಕೈ ಕೊಡವಿ ಹಾರಿಹೋಗುತ್ತಾನೆ.

ರಷ್ಯಾದಲ್ಲಿ ಪಿಪ್ಪಿಗಿಂತ ಇವನದೇ ಹವಾ. 1968ರ ಸೋವಿಯತ್ ಕಾರ್ಟೂನ್ ಚಿತ್ರ ಅಲ್ಲಿ ಮನೆಮನೆಗೂ ಗೊತ್ತು. ನನಗೆ ಮಾತ್ರ ಇವನನ್ನು ಕಂಡರೆ ಅಷ್ಟಕ್ಕಷ್ಟೆ. ಎಮಿಲ್‌ನಲ್ಲಿ ಇರುವ ಒಳ್ಳೇತನ ಇವನಲ್ಲಿ ಹುಡುಕಬೇಕು.

ಇರುಳುಹಕ್ಕಿ

ಅಯ್ಯೋ, ಹುಡುಕಲೇಬೇಡಿ ಹಳೆಹಾಳೆ ಅವರೇ! ಅವನು ಇರೋದೇ ಹಾಗೆ. ನನ್ನ ದೊಡ್ಡ ಮಗನಿಗೆ ಮೂರರಲ್ಲೂ ಇವನೇ ಅಚ್ಚುಮೆಚ್ಚು. ಮನೆಯಲ್ಲಿ ಎಲ್ಲರೂ ದೊಡ್ಡವರು, ತಾನೊಬ್ಬನೇ ಚಿಕ್ಕವನು ಅನ್ನೋ ಮಗುವಿಗೆ, ತನಗಿಂತ ಹಟಮಾರಿಯಾದ ಒಬ್ಬ ದೊಡ್ಡ ಮನುಷ್ಯ ಸಿಕ್ಕರೆ ಎಷ್ಟು ಖುಷಿ ಆಗುತ್ತೆ ಗೊತ್ತಾ? ಆ ಹುಡುಗನೇ ಕಾರ್ಲ್‌ಸನ್‌ನನ್ನು ಸಮಾಧಾನ ಮಾಡಬೇಕು, ರಮಿಸಬೇಕು, ತಿಂಡಿ ಪಾಲು ಮಾಡುವಾಗ ಸೋಲಬೇಕು. ಕೇಳುವಾಗ ನನ್ನ ಮಗ ಥೇಟ್ ನನ್ನ ಧ್ವನಿಯಲ್ಲಿ "ಅವನಿಗೆ ಯಾರಾದ್ರೂ ಬುದ್ಧಿ ಹೇಳ್ರಪ್ಪಾ" ಅಂತಾನೆ.

ಪುಟ್ಟಿಯಮ್ಮ, ಓದುವಾಗ ಕಾರ್ಲ್‌ಸನ್‌ಗೆ ಬೇರೆ ಗಂಟಲು ಇಟ್ಟುಕೊಳ್ಳಿ. ದಪ್ಪ ಗಂಟಲು ಬೇಡ, ಅತ್ತು ಕರೆಯುವ ಗಂಟಲು. ಬೆಳಗ್ಗೆ ಕೆಲಸ ಇರೋ ದಿನ ಶುರು ಮಾಡಬೇಡಿ, ಒಂದು ಅಧ್ಯಾಯಕ್ಕೆ ಬಿಡಲ್ಲ.

ನಿವೃತ್ತ ಮೇಷ್ಟ್ರು

ಈ ಕಾರ್ಲ್‌ಸನ್‌ಗೂ ಅಪ್ಪ ಇದ್ದಾನೆಯೇ? ಇದ್ದರೆ ಅವನಿಗೆ ಏನಾಗುತ್ತದೆ ಅಂತ ಮೊದಲೇ ತಿಳಿಸಿ, ಆಮೇಲೆ ಪುಸ್ತಕ ತರುತ್ತೇನೆ.